ಲಾಂಬ್ರುಸ್ಕೊ ಜಗಳ

ಪಕ್ಕದ ಮನೆಯ ಅಂಕಲ್ ಅವರ ಬಿಳಿ ಮೀಸೆಯ ತುದಿಯಲ್ಲಿ ಒಂದಿಷ್ಟು ನೇರಳೆ ನೊರೆ ಅಂಟಿರುತ್ತಿತ್ತು. ವೈನನ್ನು ಗ್ಲಾಸಿನಲ್ಲಿ ಕುಡಿಯುವವರಲ್ಲ ಅವರು. ಅಗಲವಾದ ಪಿಂಗಾಣಿ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ನಮ್ಮ ಕಡೆ ಸಾರು ಕುಡಿದಂತೆ ಸೊರ್ ಎಂದು ಹೀರುತ್ತಿದ್ದರು. ಅದು ಅವರ ಹೆಂಡತಿಯ ಊರಿನ ಪದ್ಧತಿಯಂತೆ. ಆಕೆ ಉತ್ತರ ಇಟಲಿಯವರು, ಅಂಕಲ್ ಮೈಸೂರಿನವರು. ವಿದೇಶದಲ್ಲಿ, ಶೋರ್‌ಲೈನ್ ಎಂಬ ಊರಿನ ನನ್ನ ಬಾಡಿಗೆ ಮನೆಯ ಪಕ್ಕದ್ದೇ ಅವರ ಮನೆ. ನಾನು ಅಲ್ಲಿಗೆ ಬರುವಷ್ಟರಲ್ಲಿ ಆಂಟಿ ತೀರಿಕೊಂಡಿದ್ದರು.

ಆ ವೈನಿನ ಹೆಸರು ಲಾಂಬ್ರುಸ್ಕೊ. ಕೆಂಪು ವೈನೇ, ಆದರೆ ನೊರೆಯೇಳುತ್ತದೆ, ತಣ್ಣಗೆ ಕುಡಿಯಬೇಕು. ಯಾರಾದರೂ ಅದನ್ನು ಸಿಹಿ ಸೋಡಾ ಎಂದರೆ ಅಂಕಲ್‌ಗೆ ಸಿಟ್ಟು ನೆತ್ತಿಗೇರುತ್ತಿತ್ತು. "ಸಿಹಿ ಮಾಡಿ ಮಾರಿದ್ದು ಹೊರಗಿನವರಿಗೆ ಕಣಮ್ಮ. ಆ ಊರಿನವರು ಮನೇಲಿ ಕುಡಿಯೋದು ಹುಳಿ, ಒಗರು ಇರೋದನ್ನೇ."

ತಮಾಷೆಯೆಂದರೆ, ಇದನ್ನೆಲ್ಲ ಹೇಳುತ್ತಿದ್ದದ್ದು ಒಂದು ಹನಿಯನ್ನೂ ಮುಟ್ಟದ ನನಗೆ. ನಾವು ಬೆಂಗಳೂರಿನ ಮುಸ್ಲಿಮರು. ವೈನ್ ಇಟ್ಟ ಮೇಜಿನ ಮುಂದೆ ನಾನು ಕೂರುವುದಿಲ್ಲ. ಮೊದಲ ದಿನವೇ ಹಾಗೆಂದಾಗ ಅಂಕಲ್ ಕಿಟಕಿಯ ಹತ್ತಿರ ನನ್ನ ಚಹಾಕ್ಕೆ ಬೇರೆ ಸ್ಟೂಲ್ ಹಾಕಿದರು. ಆಮೇಲೆ ಶನಿವಾರ ಬಂತೆಂದರೆ ಬೇಲಿಯಾಚೆಯಿಂದ ಅದೇ ಪ್ರಶ್ನೆ: "ಫ್ರೀ ಇದೀಯಾ? ಬಾಟಲ್ ಓಪನ್ ಮಾಡ್ಲಾ?" ಆ ವೈನನ್ನು ಒಬ್ಬರೇ ಕೂತು ಕುಡಿಯಬಾರದೆಂಬುದು ಅವರ ಹಟ. ನಾನು ಬರಲಾರೆ ಎಂದರೆ ಬಾಟಲಿ ಫ್ರಿಜ್‌ನಲ್ಲೇ ಉಳಿಯುತ್ತಿತ್ತು.

ಒಮ್ಮೆ ಬಟ್ಟಲು ಕೆಳಗಿಟ್ಟು ಹೇಳಿದರು. "ಕಪ್ಪಗಿರೋ ಲಾಂಬ್ರುಸ್ಕೊನೇ ಒಳ್ಳೇದು ಅಂತೀನಿ ನಾನು. ಅವಳು ತಿಳಿ ಗುಲಾಬಿ ಬಣ್ಣದ್ದೇ ಬೆಸ್ಟ್ ಅಂತಿದ್ಲು. ಮದುವೆ ಆದಾಗಿಂದ ಇದೇ ಜಗಳ. ಈಗ ನಾನು ಏನು ಹೇಳಿದ್ರೂ ಎದುರು ಮಾತಾಡೋರೇ ಇಲ್ಲ ನೋಡು."

ಆಂಟಿ ಏನೇನು ಅನ್ನುತ್ತಿದ್ದರು ಎಂದು ಕೇಳಿದೆ. ಒಂದೂ ಬಿಡದೆ ಹೇಳಿದರು. ಮುಂದಿನ ವಾರ ಅವರು ಕಪ್ಪು ವೈನನ್ನು ಹೊಗಳಲು ಶುರುಮಾಡುತ್ತಲೇ ನಾನು ಸ್ಟೂಲಿನ ಪಕ್ಕದಿಂದ ಬಾಯಿ ಹಾಕಿದೆ. "ಬಣ್ಣ ನೋಡಿ ಮರುಳಾಗ್ತೀರ ಅಂಕಲ್. ಅದರ ಒಗರು ನಾಲಿಗೆ ಹಿಡ್ಕೊಳ್ಳುತ್ತೆ. ಗುಲಾಬಿ ಬಣ್ಣದ್ದು ಕುಡಿದ್ರೆ ಇನ್ನೆರಡು ತುತ್ತು ಊಟ ಸೇರುತ್ತೆ."

ಅವರು ನನ್ನತ್ತ ತಿರುಗಿದರು. ಕಣ್ಣು ತುಂಬಿ ಬಂದಿತ್ತು. ಆಮೇಲೆ ಮೇಜು ಕುಟ್ಟಿದರು. "ಒಂದಿನಾನೂ ಕುಡೀದೋಳು ನಂಗೆ ಹೇಳಿಕೊಡ್ತೀಯಾ?" ಅಂದಿನ ವಾದ ಕತ್ತಲಾಗುವವರೆಗೂ ನಡೆಯಿತು. ಆಮೇಲಿನ ಶನಿವಾರಗಳಲ್ಲೂ ನಿಲ್ಲಲಿಲ್ಲ. ಬೆಂಗಳೂರು ಬಿಟ್ಟ ಮೇಲೆ ನನ್ನ ಜೊತೆ ಅಷ್ಟು ಪ್ರೀತಿಯಿಂದ ಯಾರೂ ಜಗಳವಾಡಿರಲಿಲ್ಲ.

ಹೋದ ಚಳಿಗಾಲದಲ್ಲಿ ಅಂಕಲ್ ಕೂಡ ತೀರಿಕೊಂಡರು. ಈಗ ಶನಿವಾರ ನನಗೆ ಉದ್ದವೆನಿಸುತ್ತದೆ.

ಮೊನ್ನೆ ಓವರ್‌ಲೇಕ್‌ನಲ್ಲಿರುವ ನಮ್ಮ ಆಫೀಸಿನ ಪಾರ್ಟಿಯಲ್ಲಿ ಸಹೋದ್ಯೋಗಿಯೊಬ್ಬರು ಕಪ್ಪು ಲಾಂಬ್ರುಸ್ಕೊ ಹಿಡಿದು ಬಂದು, "ಲಾಂಬ್ರುಸ್ಕೊದಲ್ಲಿ ಈ ಕಪ್ಪಗಿರೋದೇ ಬೆಸ್ಟ್ ಅಂತೆ," ಎಂದರು. ಜ್ಯೂಸ್ ಹಿಡಿದುಕೊಂಡೇ ನಾನು ಆಂಟಿಯ ವಾದವನ್ನೆಲ್ಲ ಒಪ್ಪಿಸಿದೆ.

"ಹೌದಾ? ಇರಬಹುದು ಬಿಡಿ," ಎಂದು ನಕ್ಕು ಅವರು ಮುಂದೆ ಹೋದರು. ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ, ಯಾರಾದರೂ ಮೇಜು ಕುಟ್ಟಿಯಾರೆಂದು.