ಆಸ್ಪತ್ರೆಯ ಹಳೆ ಸರ್ವರ್

ಮೈಸೂರಿನಿಂದ ಸರ್ವರ್ ಬಂದ ದಿನ ಶಶಿಧರನಿಗೆ ಆದಷ್ಟು ಖುಷಿ ಆಸ್ಪತ್ರೆಯಲ್ಲಿ ಬೇರೆ ಯಾರಿಗೂ ಆಗಲಿಲ್ಲ. ಯಾವುದೋ ಕಂಪನಿ ತನ್ನ ಆಫೀಸು ಬದಲಿಸುವಾಗ ಬೇಡವೆಂದು ದಾನ ಕೊಟ್ಟ ಯಂತ್ರ ಅದು. ಉದ್ದ, ಚಪ್ಪಟೆ, ಇಬ್ಬರು ಹಿಡಿದು ಇಳಿಸಬೇಕಾದಷ್ಟು ಭಾರ. ಆನ್ ಮಾಡಿದ ಕೂಡಲೇ ಅದರ ಫ್ಯಾನುಗಳು ಕಾಫಿ ಹಣ್ಣು ಸುಲಿಯುವ ಪಲ್ಪರ್ ಮೆಷಿನ್ ಹಾಗೆ ಅರಚಿದವು. ಪಕ್ಕದ ಔಷಧಿ ಕೋಣೆಯ ನರ್ಸ್ ಬಾಗಿಲು ಹಾಕಿಕೊಂಡಳು.

ಶಶಿಧರ ಸಂಪಾಜೆಯವನು. ಐಟಿಐ ಓದಿ, ಸ್ವಲ್ಪ ಕಾಲ ಯುಪಿಎಸ್ ರಿಪೇರಿ ಮಾಡಿಕೊಂಡಿದ್ದು, ಸಿದ್ದಾಪುರದ ಹತ್ತಿರ ಒಂದು ಟ್ರಸ್ಟ್ ನಡೆಸುತ್ತಿದ್ದ ಈ ಸಣ್ಣ ಆಸ್ಪತ್ರೆಗೆ ಜನರೇಟರ್ ನೋಡಿಕೊಳ್ಳಲು ಬಂದಿದ್ದ. ಕಂಪ್ಯೂಟರ್ ಬಂದಾಗ ಅದನ್ನೂ ಅವನಿಗೇ ವಹಿಸಿದರು. ಕೇಳಿ, ಓದಿ, ಕೆಡಿಸಿ, ಸರಿಮಾಡಿ ಕಲಿತ. ಈಗ ಐವತ್ತು ದಾಟಿತ್ತು. ಸಕ್ಕರೆ ಕಾಯಿಲೆ ಹಿಡಿದು ಬಹಳ ವರ್ಷವಾಗಿತ್ತು.

ಆಸ್ಪತ್ರೆಯ ನೋಂದಣಿ, ಲ್ಯಾಬು, ಔಷಧಿ, ಮೂರಕ್ಕೂ ಒಂದೊಂದು ಹಳೇ ಕಂಪ್ಯೂಟರ್ ಇತ್ತು. ಮೂರೂ ಸಾಯುವ ಸ್ಥಿತಿಯಲ್ಲಿದ್ದವು. ಮೂರನ್ನೂ ಈ ಸರ್ವರಿನೊಳಗೆ ತರುವುದು ಶಶಿಧರನ ಯೋಚನೆ. ನೋಂದಣಿ ಕೌಂಟರಿನ ಪೂಜಿತಾಳಿಗೆ ಕೆಲಸ ಕಲಿಸಬೇಕೆಂದು ಪಕ್ಕದಲ್ಲಿ ನಿಲ್ಲಿಸಿಕೊಂಡು ವಿವರಿಸಿದ.

"ನಮ್ಮ ಎಸ್ಟೇಟ್ ಲೈನ್ ಉಂಟಲ್ಲ, ಕೂಲಿಯವರ ಸಾಲುಮನೆ, ಹಾಗೆ. ಮೇಲೆ ಮಾಡು ಒಂದೇ. ಒಳಗೆ ಗೋಡೆ ಹಾಕಿ ಮನೆ ಬೇರೆ ಬೇರೆ. ಒಂದು ಮನೇಲಿ ಜಗಳ ಆದ್ರೆ ಇನ್ನೊಂದು ಮನೆಯವರು ಆರಾಮಾಗಿ ಊಟ ಮಾಡ್ಬಹುದು."

"ಮಾಡೇ ಕುಸಿದ್ರೆ ಸಾರ್?"

"ಅದಕ್ಕೇ ನಾಲ್ಕು ಡಿಸ್ಕು ಇರೋದು. ಒಂದು ಹೋದ್ರೂ ಉಳಿದ ಮೂರು ತಡ್ಕೊಳ್ತವೆ."

ವಾರಗಟ್ಟಲೆ ಕೆಲಸವಾಯಿತು. ಸತ್ತಿದ್ದ ಒಂದು ಪವರ್ ಸಪ್ಲೈ ಬಿಚ್ಚಿ ತೆಗೆದ. ಮೆಮೊರಿ ಕಡ್ಡಿಗಳನ್ನು ಒರೆಸಿ ಜಾಗ ಬದಲಿಸಿ ಕೂರಿಸಿದ. ಹಳೇ ಕಂಪ್ಯೂಟರುಗಳನ್ನು ಇದ್ದ ಹಾಗೆಯೇ ನಕಲು ಮಾಡಿ ಒಂದೊಂದಾಗಿ ಒಳಗೆ ತಂದ. ಲ್ಯಾಬಿನದು ಮೊದಲು ಏಳಲಿಲ್ಲ, ಮೂರನೇ ಸಲಕ್ಕೆ ಎದ್ದಿತು. ಬ್ಯಾಕಪ್ಪಿಗೆ ಹೊರಗಿನ ಡಿಸ್ಕ್ ಬೇಕೆಂದು ಬರೆದುಕೊಟ್ಟಿದ್ದ. ಅದು ಟ್ರಸ್ಟಿನ ಮುಂದಿನ ಮೀಟಿಂಗಿಗೆ ಹೋಯಿತು. ಅಲ್ಲಿಯವರೆಗೆ ಇರಲಿ ಎಂದು ಬ್ಯಾಕಪ್ಪನ್ನೂ ಅದೇ ಸರ್ವರಿನಲ್ಲಿ ಇಟ್ಟ.

ಆ ಹೊತ್ತಿಗಾಗಲೇ ಅವನ ಕಣ್ಣು ಕೈಕೊಡುತ್ತಿತ್ತು. ಎಡಗಣ್ಣಿನಲ್ಲಿ ಹೊಗೆಯ ಎಳೆಗಳು ತೇಲುತ್ತಿದ್ದವು. ಬಲಗಣ್ಣಿಗೆ ಬಣ್ಣಗಳು ತೊಳೆದಂತೆ ಪೇಲವವಾಗಿ ಕಾಣುತ್ತಿದ್ದವು. ಮೈಸೂರಿನ ಕಣ್ಣಿನ ಡಾಕ್ಟರು ಲೇಸರ್ ಮಾಡಿಸಿ ಎಂದು ಹೇಳಿ ಒಂದು ವರ್ಷವಾಗಿತ್ತು. ಹೋಗಿರಲಿಲ್ಲ. ಕಣ್ಣು ಹೋಗುತ್ತಿದೆ ಎಂದು ಗೊತ್ತಾದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ.

ಹೆಂಡತಿ ಯಮುನ ಒಂದು ಬೆಳಿಗ್ಗೆ ಅವನು ಚಹಾ ಲೋಟದ ಪಕ್ಕಕ್ಕೆ ಕೈ ಹಾಕಿದ್ದು ನೋಡಿ ಮನೆಮಾತಿನಲ್ಲಿ ಕೇಳಿದಳು. "ನಿಮ್ಗೆ ಎಂತ ಆಗುಟ್ಟು? ಸರಿ ಹೇಳಿ."

"ಎಂತ ಇಲ್ಲೆ," ಎಂದು ಅವನು ಎದ್ದು ಹೋದ.

ಸರ್ವರ್ ಕೆಲವು ತಿಂಗಳು ಚೆನ್ನಾಗಿ ನಡೆಯಿತು. ಒಂದು ಮಧ್ಯಾಹ್ನ ಬೀಪ್ ಸದ್ದು ಶುರುವಾಯಿತು. ಒಂದು ಡಿಸ್ಕ್ ಕೆಟ್ಟಿತ್ತು. ಅದಕ್ಕೆ ಬದಲಿ ಡಿಸ್ಕ್ ಅವನ ಬಳಿ ಇತ್ತು. ಸರ್ವರಿನ ಮುಂಭಾಗದಲ್ಲಿ ಡಿಸ್ಕಿಗೊಂದರಂತೆ ನಾಲ್ಕು ಪುಟ್ಟ ದೀಪಗಳು. ಕೆಟ್ಟದ್ದರ ದೀಪ ಕಿತ್ತಳೆ, ಉಳಿದವು ಹಸಿರು. ಶಶಿಧರನಿಗೆ ನಾಲ್ಕೂ ಒಂದೇ ಥರ ಮಸುಕು ಹಳದಿಯಾಗಿ ಕಂಡವು. ಪೂಜಿತಾ ಹತ್ತು ಹೆಜ್ಜೆ ಆಚೆ ಕೌಂಟರಿನಲ್ಲಿದ್ದಳು. ಕರೆಯಬಹುದಿತ್ತು. ಕರೆಯಲಿಲ್ಲ. ಎರಡನೆಯದು ಇರಬೇಕು ಎಂದು ಅದನ್ನು ಎಳೆದ.

ಬೀಪ್ ನಿಲ್ಲಲಿಲ್ಲ. ಕೌಂಟರಿನಿಂದ ಪೂಜಿತಾ ಕೂಗಿದಳು: "ಸಾರ್, ಎಲ್ಲಾ ಹೋಯ್ತು!"

ಎಳೆದದ್ದು ಸರಿಯಾಗಿದ್ದ ಡಿಸ್ಕು; ಉಳಿದ ಎರಡರಿಂದ ತಡೆದುಕೊಳ್ಳಲು ಆಗಲಿಲ್ಲ. ಗಾಬರಿಯಲ್ಲಿ ಅದನ್ನು ವಾಪಸ್ ತಳ್ಳಿ ಸರ್ವರ್ ಮತ್ತೆ ಆನ್ ಮಾಡಿದ. ಪರದೆ ಮೇಲೆ ಸಣ್ಣ ಬಿಳಿ ಅಕ್ಷರಗಳಲ್ಲಿ ಏನೋ ಕೇಳುತ್ತಿತ್ತು. ಹಳೆಯದನ್ನು ಉಳಿಸಿಕೊಳ್ಳಲೋ, ಹೊಸದಾಗಿ ಶುರುಮಾಡಲೋ ಎಂಬ ಪ್ರಶ್ನೆ ಅದು. ಮೂಗು ತಾಗುವಷ್ಟು ಬಗ್ಗಿ ನೋಡಿದರೂ ಅಕ್ಷರಗಳು ಇರುವೆ ಸಾಲಿನಂತೆ ಕದಡಿದವು. ಅಂದಾಜಿನ ಮೇಲೆ ಒಂದು ಉತ್ತರ ಒತ್ತಿದ. ಎಲ್ಲ ಅಳಿಸಿ ಹೊಸದಾಗಿ ಶುರುವಾಯಿತು.

ಹಳೇ ಕಂಪ್ಯೂಟರುಗಳಲ್ಲಿ ಹಿಂದಿನ ವರ್ಷಗಳದ್ದೆಲ್ಲ ಉಳಿದಿತ್ತು. ಸರ್ವರಿಗೆ ಬಂದ ಮೇಲಿನದು ಒಂದೂ ಉಳಿಯಲಿಲ್ಲ; ಬ್ಯಾಕಪ್ಪೂ ಅದರೊಳಗೇ ಇತ್ತು.

ಶಶಿಧರ ನೇರ ಹಿರಿಯ ಡಾಕ್ಟರ್ ಮೊಣ್ಣಪ್ಪನವರ ಕೋಣೆಗೆ ಹೋದ. "ಡಿಸ್ಕ್ ಕೆಟ್ಟು ಡೇಟಾ ಹೋಯ್ತು ಸಾರ್" ಎಂದ. ಕಣ್ಣಿನ ಮಾತು ಎತ್ತಲಿಲ್ಲ. ಡಾಕ್ಟರು ತಲೆಗೆ ಕೈ ಹಚ್ಚಿ ಕೂತರು. ಆ ತಿಂಗಳುಗಳಲ್ಲಿ ಎಸ್ಟೇಟ್ ಲೈನುಗಳಲ್ಲಿ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಶಿಬಿರ ನಡೆದಿತ್ತು. ಮಾದರಿಗಳು ಮೈಸೂರಿನ ಲ್ಯಾಬಿಗೆ ಹೋಗಿ ಫಲಿತಾಂಶ ಆಗಷ್ಟೇ ಸರ್ವರಿಗೆ ಬಂದಿತ್ತು; ಯಾರೂ ಇನ್ನೂ ತೆರೆದು ನೋಡಿರಲಿಲ್ಲ. ಲ್ಯಾಬಿನವರು ಅದನ್ನು ಮತ್ತೆ ಕಳಿಸಲು ತಡಮಾಡಿದರು. ಕಳಿಸಿದಾಗಲೂ ಅದರಲ್ಲಿ ಹೆಸರು, ವಯಸ್ಸು ಬಿಟ್ಟರೆ ಬೇರೇನಿರಲಿಲ್ಲ. ಯಾವ ಎಸ್ಟೇಟ್, ಯಾವ ಫೋನ್ ನಂಬರ್ ಎಂಬುದು ಸರ್ವರಿನ ಜೊತೆಗೇ ಹೋಗಿತ್ತು.

ಹೆಚ್ಚಿನವರಿಗೆ ತೊಂದರೆ ಇರಲಿಲ್ಲ. ಒಬ್ಬಳದು ಮಾತ್ರ ಕೆಟ್ಟದಾಗಿ ಬಂದಿತ್ತು. ತುಳಸಿ, ಮೂವತ್ತೆಂಟು ವರ್ಷ.

"ಇವಳನ್ನು ಎಲ್ಲಿ ಅಂತ ಹುಡುಕೋದು?" ಎಂದರು ಡಾಕ್ಟರು.

"ನಾನು ಹೋಗ್ತೇನೆ ಸಾರ್."

ರಜೆ ಹಾಕಿ ಹೊರಟ. ಸಿದ್ದಾಪುರದ ಸುತ್ತ ಒಂದು ಕಾಫಿ ತೋಟ ಮುಗಿದಲ್ಲಿ ಇನ್ನೊಂದು ತೋಟ. ಬಸ್ಸಿಳಿದು ನಡೆದು, ಆಳುಗಳ ಲೆಕ್ಕ ಬರೆಯುವ ರೈಟರುಗಳನ್ನು ಕೇಳಿ, ಲೈನಿನ ಬಾಗಿಲು ಬಾಗಿಲಿಗೂ ನಿಂತು ವಿಚಾರಿಸಿದ. ಒಂದು ತೋಟದ ತುಳಸಿಗೆ ಅರವತ್ತು ವರ್ಷ. ಇನ್ನೊಬ್ಬಳು ಶಿಬಿರಕ್ಕೇ ಬಂದಿರಲಿಲ್ಲ. ಮರದ ನೆರಳಿನಿಂದ ಬಿಸಿಲಿಗೆ ಬಂದ ಕೂಡಲೇ ಅವನಿಗೆ ಎದುರಿನದು ಬರೀ ಬೆಳ್ಳಗೆ ಕಾಣುತ್ತಿತ್ತು. ಒಮ್ಮೆ ಚರಂಡಿಗೆ ಕಾಲು ಹಾಕಿ ಮೊಣಕಾಲು ಒಡೆದುಕೊಂಡ. ಪೂಜಿತಾ ಭಾನುವಾರಗಳಲ್ಲಿ ತಾನಾಗಿಯೇ ಜೊತೆಗೆ ಬರತೊಡಗಿದಳು. ಅವನು ಬಸ್ಸಿನ ಬೋರ್ಡನ್ನು ತನ್ನಿಂದ ಓದಿಸುವುದನ್ನು ಕಂಡು ಒಂದು ದಿನ ಕೇಳಿದಳು, "ಸಾರ್, ಅವತ್ತು ನಿಮಗೆ ದೀಪ ಕಾಣ್ಲಿಲ್ಲ ಅಲ್ವಾ?"

ಅವನು ಹೂಂ ಎಂದ.

ಕಾಫಿ ಪಿಕ್ಕಿಂಗ್ ಮುಗಿಯುವ ಹೊತ್ತಿಗೆ ಒಬ್ಬ ರೈಟರ್ ನೆನಪು ಮಾಡಿಕೊಂಡ: ಲಿಂಗನ ಹೆಂಡತಿ ತುಳಸಿ; ಗಂಡ ಹೆಂಡತಿ ಲೈನ್ ಬಿಟ್ಟು ಹಾರಂಗಿ ಅಣೆಕಟ್ಟಿನ ಕಡೆ ಶುಂಠಿ ಗದ್ದೆ ಕಾಯಲು ಹೋಗಿದ್ದಾರೆ. ಮರುದಿನವೇ ಶಶಿಧರ, ಪೂಜಿತಾ ಇಬ್ಬರೂ ಹೋದರು. ಹಿನ್ನೀರಿನ ಅಂಚಿನಲ್ಲಿ ತಗಡಿನ ಗುಡಿಸಲು. ತುಳಸಿ ಹೊರಗೆ ಚಾಪೆಯ ಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು. ಆಸ್ಪತ್ರೆಯವರು ಎಂದ ಕೂಡಲೇ ಎದ್ದು ಕೂತಳು.

"ನಾ ಬಂದು ಕೇಳಿದ್ದೆ ಸಾರ್. ಕಂಪ್ಯೂಟರ್ ಕೆಟ್ಟಿದೆ, ಏನಾದ್ರೂ ಇದ್ರೆ ಫೋನ್ ಮಾಡ್ತೀವಿ ಅಂದ್ರು. ಫೋನ್ ಬರ್ಲಿಲ್ಲ. ಹಂಗಾರೆ ಏನಿಲ್ಲ ಅಂದ್ಕೊಂಡೆ."

ಪೂಜಿತಾ ತಲೆ ತಗ್ಗಿಸಿದಳು. ಹೆಸರು, ನಂಬರ್ ಬರೆದುಕೊಳ್ಳದೆ ಹಾಗೆ ಹೇಳಿ ಕಳಿಸಿದ್ದು ಅವಳೇ.

"ಕೆಡಿಸಿದ್ದು ನಾನು," ಎಂದ ಶಶಿಧರ. "ನನಗೆ ಕಣ್ಣು ಕಾಣ್ತಿರ್ಲಿಲ್ಲ. ಯಾರಿಗೂ ಹೇಳದೆ ಕೈ ಹಾಕಿದೆ."

ಗುಡಿಸಲ ಬಾಗಿಲಲ್ಲಿ ನಿಂತಿದ್ದ ಲಿಂಗ ಮುಂದೆ ಬಂದ. "ಇಷ್ಟು ದಿನ ಎಲ್ಲಿ ಸತ್ತಿದ್ರಿ? ಇವ್ಳು ರಕ್ತ ಹೋಗಿ ಹೋಗಿ ಒಣಗಿದ್ದಾಳೆ. ಈಗ ಬಂದು ಕಣ್ಣು ಕಾಣ್ಲಿಲ್ಲ ಅಂತೀರಾ?"

ತುಳಸಿ ಗಂಡನನ್ನು ಸುಮ್ಮನಿರಿಸಲಿಲ್ಲ. ಶಶಿಧರನನ್ನೇ ನೋಡುತ್ತ ಕೇಳಿದಳು, "ಈಗ ಬಂದ್ರೆ ವಾಸಿ ಆಗ್ತದಾ ಸಾರ್?"

ಪೂಜಿತಾ ಅವಳ ಚೀಲ ಕಟ್ಟಲು ಒಳಗೆ ಹೋದಳು.

ಮೈಸೂರಿನಲ್ಲಿ ಚಿಕಿತ್ಸೆ ಶುರುವಾಯಿತು. ರೋಗ ಆಗಲೇ ಹರಡಿತ್ತು. ಶಶಿಧರ ಡಾಕ್ಟರ್ ಮೊಣ್ಣಪ್ಪನವರಿಗೆ ಈಗ ಎಲ್ಲವನ್ನೂ ಹೇಳಿದ. "ಮೊದಲೇ ಸಿಕ್ಕಿದ್ರೆ ಉಳೀತಿದ್ಲಾ ಅಂತ ಕೇಳ್ಬೇಡ. ಉಳಿಯೋ ಸಾಧ್ಯತೆ ಜಾಸ್ತಿ ಇತ್ತು. ಸುಳ್ಳು ಹೇಳಿ ನಿನ್ನ ಸಮಾಧಾನ ಮಾಡೋಕೆ ನನ್ನಿಂದ ಆಗಲ್ಲ," ಎಂದರು. ಕೆಲಸ ಬಿಡು ಎಂದು ಅವರು ಹೇಳಲಿಲ್ಲ. ಅವನೇ ಬಿಟ್ಟ.

ಬಿಡುವ ಮುಂಚೆ ಸರ್ವರನ್ನು ಮತ್ತೆ ಮೊದಲಿನಿಂದ ಕಟ್ಟಬೇಕಿತ್ತು. ಈ ಸಲ ಕೈಗಳು ಪೂಜಿತಾಳವು. ಅವನು ಸ್ಟೂಲಿನ ಮೇಲೆ ಕೂತು ಹೇಳಿಕೊಟ್ಟ, ಅವಳು ಪರದೆಯ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ ಮಾಡಿದಳು. ಬ್ಯಾಕಪ್ಪಿನ ಡಿಸ್ಕ್ ಈಗ ತಕ್ಷಣ ಮಂಜೂರಾಯಿತು. ಅದನ್ನು ಬೇರೆ ಕಟ್ಟಡದಲ್ಲಿ ಇಡಿಸಿದ.

ಯಮುನ ಅವನನ್ನು ಮೈಸೂರಿಗೆ ಕರೆದೊಯ್ದು ಲೇಸರ್ ಮಾಡಿಸಿದಳು. ಬಲಗಣ್ಣು ಅರ್ಧ ಉಳಿಯಿತು, ಎಡಗಣ್ಣು ಹೋಯಿತು. ಅದೇ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ತುಳಸಿ ಇದ್ದಳು. ಶಶಿಧರ ಎರಡು ಸಲ ಹೋಗಿ ಹಾಸಿಗೆ ಪಕ್ಕ ಕೂತು ಬಂದ. ಒಂದು ಸಲ ಅವಳು ನಿದ್ದೆಯಲ್ಲಿದ್ದಳು. ಇನ್ನೊಂದು ಸಲ ಗೋಡೆ ಕಡೆ ತಿರುಗಿ ಮಲಗಿದಳು.

ಮಳೆ ಹಿಡಿಯುವ ಮೊದಲು ತುಳಸಿ ತೀರಿಕೊಂಡಳು. ಹಾರಂಗಿಯ ಆಚೆ ಮಣ್ಣು ಮಾಡಿದರು. ಶಶಿಧರ ಯಮುನಳ ತೋಳು ಹಿಡಿದುಕೊಂಡು ಹಿಂದೆ ನಿಂತಿದ್ದ. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿ ಸರಿದರು. ಅವನು ಮುಂದೆ ಹೋಗಲು ಹೆಜ್ಜೆ ಇಟ್ಟಾಗ ಲಿಂಗ ಕೈ ಅಡ್ಡ ಮಾಡಿದ. ಬೈಯಲಿಲ್ಲ, ನೂಕಲಿಲ್ಲ. ಶಶಿಧರ ಅಲ್ಲೇ ನಿಂತ. ಗುಂಡಿ ಮುಚ್ಚಿ, ಜನ ಚದುರಿದ ಮೇಲೆ, ಯಮುನ ಅವನನ್ನು ನಿಧಾನವಾಗಿ ರಸ್ತೆಗೆ ಕರೆದುಕೊಂಡು ಬಂದಳು.