ಸೊಸೆ ತಂದ ಕಬ್ಬು

ಶಿವಗಂಗವ್ವ ಮದುವೆಯಾಗಿ ಅಲಖನೂರಿನಿಂದ ಸತ್ತಿಗೆ ಬಂದಾಗ ಅವಳ ಜೊತೆ ಚಕ್ಕಡಿಯಲ್ಲಿ ಒಂದು ಕಟ್ಟು ಕಬ್ಬಿನ ತುಂಡುಗಳೂ ಬಂದವು. ಗಂಡ ಧರೆಪ್ಪನ ಮನೆತನದ ಪದ್ಧತಿ ಅದು. ಸೊಸೆ ತವರಿನ ಕಬ್ಬು ತರಬೇಕು, ಬಾವಿಯ ಪಕ್ಕದ ಮೂಲೆಯಲ್ಲಿ ತಾನೇ ನೆಡಬೇಕು. ಅಲ್ಲಿ ಅಜ್ಜಿ ತಂದ ಕೆಂಪು ಕಬ್ಬಿತ್ತು, ಅತ್ತೆ ಸತ್ತೆವ್ವ ತಂದ ಪಟ್ಟೆಪಟ್ಟೆಯದಿತ್ತು, ನೆಗೆಣ್ಣಿ ತಂದ ಕಡ್ಡಿಯಂಥ ಗಟ್ಟಿ ಕಬ್ಬಿತ್ತು. ಅವುಗಳ ಬದಿಗೆ ಇವಳ ಬೂದುಬಣ್ಣದ್ದು ನಿಂತಿತು. ಊರಲ್ಲಿ ಎಲ್ಲಕ್ಕೂ ಸೇರಿಸಿ ಸೊಸಿ ಕಬ್ಬು ಎನ್ನುತ್ತಿದ್ದರು.

ಹೆಸರಿನಂತೆ ದುಡಿತವೂ ಸೊಸೆಯದೇ. ಒಂದು ಬೇಗ ಬಲಿತರೆ ಇನ್ನೊಂದು ತಡ. ರೊಟ್ಟಿ ಬಡಿದು, ಎಮ್ಮೆ ಹಿಂಡಿ, ಸೆಗಣಿ ಬಳಿದು, ಬುತ್ತಿ ಹೊತ್ತು ಬಂದವಳು, ಗಂಡಸರು ಉಂಡು ಅಡ್ಡಾದಾಗ ಆ ಮೂಲೆಯ ಒಣಗರಿ ಸುಲಿಯಬೇಕು. ಅತ್ತೆ ತೀರಿಕೊಂಡ ಮೇಲೆ, ಸುತ್ತಲಿನವರೆಲ್ಲ ಕಾರ್ಖಾನೆಗೆಂದು ಒಂದೇ ಜಾತಿಯ ಕಬ್ಬು ಹಚ್ಚತೊಡಗಿದಾಗ, "ಇದನ್ನೂ ತಗದಬಿಡೂಣು" ಎಂದವನು ಧರೆಪ್ಪ. ಗುದ್ದಲಿ ಹಿಡಿದವಳು ಮಾತ್ರ ಶಿವಗಂಗವ್ವ. ಬುಡಗಳನ್ನು ಕಿತ್ತೆಸೆದ ದಿನ ಸೊಂಟ ಹಗುರಾಯಿತೆಂದು ಅವಳಿಗೆ ಖುಷಿಯೇ ಆಗಿತ್ತು.

ಎಂಬತ್ತೇಳರ ಜೂನ್ ತಿಂಗಳಲ್ಲಿ ಕೂಳೆ ಕಬ್ಬಿನ ಸುಳಿಯಿಂದ ಕರಿ ಚಾಟಿಗಳು ಹೊರಟವು. ಮುಟ್ಟಿದರೆ ಮಸಿ ಹಾರುತ್ತಿತ್ತು. ಕಾಡಿಗೆ ರೋಗ. ಕಬ್ಬು ಹುಟ್ಟುವುದು ಕಬ್ಬಿನದೇ ತುಂಡಿನಿಂದ. ಹೊಳೆಯ ಎರಡೂ ದಂಡೆಗೆ ಒಂದೇ ಕಬ್ಬು ತುಂಡು ತುಂಡಾಗಿ ಹಂಚಿಹೋಗಿತ್ತು. ಒಂದಕ್ಕೆ ತಗುಲಿದ್ದನ್ನು ತಡೆಯುವ ಶಕ್ತಿ ಇನ್ನೊಂದಕ್ಕಿರಲಿಲ್ಲ. ಮಸಿ ಹಾರಿ ಹರಡದಂತೆ ಚಾಟಿಗೆ ಹಸಿ ಗೋಣಿಚೀಲ ತೊಡಿಸಿ, ಕೊಯ್ದು, ಸುಡಬೇಕಿತ್ತು. ಆಳಿನ ಹೆಂಗಸರು ಬರಲೊಲ್ಲೆವು ಎಂದರು.

"ಸುಂದರಾನ ಸಾಲಿ ಬಿಡಸು" ಎಂದ ಧರೆಪ್ಪ. "ತಾಯಿ ಮಗಳು ಕೂಡಿ ಕೊಯ್ರಿ."

ಸುಂದರಾ ಆಗಷ್ಟೇ ಒಂಬತ್ತನೇ ಇಯತ್ತೆಗೆ ಕಾಲಿಟ್ಟಿದ್ದಳು.

"ಬಾಬಾಸಾಹೇಬ ಅದಾನಲ್ರಿ? ಅಕಿಗಿಂತ ದೊಡ್ಡಾಂವ. ದಿನಾ ಕಟ್ಟಿ ಮ್ಯಾಲ ಕುಂಡ್ರತಾನ."

"ಗಂಡಮಗಾ ಮಸಿ ಬಳಕೊಂಡ ಅಡ್ಡಾಡಬೇಕೇನ?"

"ಬ್ಯಾರೆ ಜಾತಿ ಕಬ್ಬು ಹಚ್ಚಿದ್ರ?"

"ಎಲ್ಲೈತಿ ಬ್ಯಾರೆ? ನಿಮ್ಮಪ್ಪನ ಮನ್ಯಾಗ ಇದ್ರ ತಾ. ನಾಳೆನs ಇದನ್ನೆಲ್ಲಾ ಅಗದ ಒಗೀತೇನಿ, ಹುಡುಗಿ ಸಾಲಿಗೆ ಹೋಗ್ಲಿ."

ಅವನು ಕುಹಕಕ್ಕೆ ಹೇಳಿದ್ದನ್ನು ಅವಳು ಗಟ್ಟಿಯಾಗಿ ಹಿಡಿದಳು. ಮರುದಿನ ಎರಡು ಹೊತ್ತಿನ ರೊಟ್ಟಿ ಬಡಿದಿಟ್ಟು ಅಲಖನೂರಿನ ಬಸ್ಸು ಹತ್ತಿದಳು.

ಅಣ್ಣ ಕಾಕಾಸಾಹೇಬ ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಗಿರಿಜವ್ವ ನೀರು ಕೊಟ್ಟಳು. ತಂಬಿಗೆ ಹಿಡಿದ ಅವಳ ಬೆರಳ ಸಂದಿಗಳು ಕರ್ರಗಿದ್ದವು.

"ನಿಮಗೂ ಬಂತೇನ ವೈನಿ?"

"ಯಾರಿಗಿ ಬಿಟ್ಟೈತಿ ಗಂಗಕ್ಕಾ? ನಿಮ್ಮಣ್ಣ ನನ್ನ ಮಾರಿ ನೋಡಿ ಎಮ್ಮಿ ಬಂತು ಅಂದ್ಕೊಂಡ ಹಗ್ಗಾ ಹುಡಕತಾನ!"

ಇಬ್ಬರೂ ನಕ್ಕರು. ಆಮೇಲೆ ಶಿವಗಂಗವ್ವ ಬಂದ ಕೆಲಸ ಹೇಳಿದಳು. ನನ್ನ ಮದುವೆಗೆ ಕಟ್ಟಿಕೊಟ್ಟ ಬೂದುಗಬ್ಬು ಹಿತ್ತಲಲ್ಲಾದರೂ ಉಳಿದಿದೆಯೇ? ನಾಕು ಬುಡ ಸಾಕು.

ಗಿರಿಜವ್ವನ ನಗೆ ಇಳಿಯಿತು.

"ನಾನs ಕಿತ್ತೇನಿ ಬೇ. ಅದರ ಗರಿ ಕೊಯ್ದ ಕೊಯ್ದ ಕೈ ರಗತಾಗತಿದ್ವು. ನಿನ್ನೆರ ನಿಮ್ಮಣ್ಣ ಅಂತಿದ್ದ, ಸತ್ತಿಗಿ ಹೋಗಿ ಬರ್ತೇನಿ, ತಂಗಿ ಕಡೆ ನಮ್ಮ ಕಬ್ಬು ಇದ್ದs ಇರತೈತಿ ಅಂತ."

ಶಿವಗಂಗವ್ವ ತಂಬಿಗೆ ಕೆಳಗಿಟ್ಟಳು.

"ಬರೂದು ಬ್ಯಾಡ ಅನ್ನು ವೈನಿ."

ಅವಳು ಮರಳಿ ಬಂದಾಗ ಸುಂದರಾ ಓಡಿ ಬಂದು ತಾಯಿಯ ಕೈ ನೋಡಿದಳು. ಬರಿಗೈ. ಒಳಗೆ ಹೋಗಿ ಒಲೆ ಹೊತ್ತಿಸಿದಳು.

ಬೆಳಿಗ್ಗೆ ಇಬ್ಬರೂ ಹೊಲಕ್ಕಿಳಿದರು. "ಮ್ಯಾಲಿಂದ ಚೀಲಾ ಇಳಸು. ಅಳ್ಳಾಡಸಬ್ಯಾಡ. ಉಸರು ಹಿಡದು ಕೊಯ್ಯಿ" ಎಂದು ಶಿವಗಂಗವ್ವ ತೋರಿಸಿಕೊಟ್ಟಳು. ಹುಡುಗಿಯ ಕಿವಿ, ಮೂಗು, ಹೆರಳು ಎಲ್ಲ ಮಸಿಯಾಯಿತು. ಮಧ್ಯಾಹ್ನ ಧರೆಪ್ಪ ಬಂದು, ಅವರು ಹೊತ್ತು ತಂದ ಬುತ್ತಿ ಬಿಚ್ಚಿ ಉಂಡು, ಸುಡಲು ಒಟ್ಟಿದ ರಾಶಿ ನೋಡಿದ.

"ಇಬ್ಬರು ಕೂಡಿ ಇಷ್ಟನs?"

ಶಿವಗಂಗವ್ವ ಬಾಯಿ ತೆರೆಯುವಷ್ಟರಲ್ಲಿ ಸುಂದರಾ ಎದ್ದು ಹೋಗಿ, ಒಣಗಿದ ಚೀಲವನ್ನು ಮತ್ತೆ ಕಾಲುವೆಯಲ್ಲಿ ಅದ್ದತೊಡಗಿದ್ದಳು.