ದಾಯಿ ಎಸ್ತೇರಮ್ಮನ ಸಂತರು

ಹೆರಿಗೆ ನೋವಿನಲ್ಲಿ ಚೀರುವ ಹೆಂಗಸರಿಗೆ ದಾಯಿ ಎಸ್ತೇರಮ್ಮ ಮೊದಲು ಹೇಳುತ್ತಿದ್ದದ್ದು ಸಂತ ಲಾರೆನ್ಸನ ಕತೆ. ಹೆರುವವಳ ಹೊಟ್ಟೆಯ ಮೇಲೆ ಒಂದು ಕೈ ಇಟ್ಟು, ಬಾಯಲ್ಲಿದ್ದ ಎಲೆಅಡಿಕೆಯನ್ನು ದವಡೆಗೆ ಸರಿಸಿ, ಏನೂ ಅವಸರವಿಲ್ಲದವರಂತೆ ಶುರು ಮಾಡುತ್ತಿದ್ದರು.

‘ರೋಮಿನ ರಾಜಾ ಲಾರೆನ್ಸನ್ನ ಕಬ್ಬಿಣದ ಜಾಳಿಗಿ ಮ್ಯಾಲ ಮಲಗಿಸಿ ಕೆಳಗ ಉರಿ ಹಚ್ಚಿಸಿದ. ಅವಾ ಏನಂದ ಗೊತ್ತೇನವ್ವ? ಈ ಮಗ್ಗಲು ಬೆಂದದ, ಹೊಳ್ಳಿಸಿ ಹಾಕ್ರಿ ಅಂದ. ನೀ ನೋಡಿದ್ರ ಇಷ್ಟಕ್ಕ ಓಣಿ ಮಂದಿನೆಲ್ಲ ಕೂಡಸಾಕತ್ತೀದಿ.’

ಚೀರುತ್ತಿದ್ದವಳು ನಡುವೆಯೇ ನಕ್ಕುಬಿಡುತ್ತಿದ್ದಳು. ನಕ್ಕರೆ ಮೈಯ ಬಿಗಿ ಸಡಿಲುತ್ತದೆ, ಕೂಸು ಕೆಳಗೆ ಜಾರುತ್ತದೆ ಎಂಬುದು ಎಸ್ತೇರಮ್ಮನ ವೈದ್ಯ.

ಎಪ್ಪತ್ತೇಳರಲ್ಲಿ ನನಗೆ ಮಾನ್ವಿಯ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಕ್ಕಿತು. ದೇವದುರ್ಗ ತಾಲೂಕಿನ ಜಾಲಹಳ್ಳಿ ನನ್ನೂರು. ಕುರಿ ಕಾಯುವ ಮನೆತನದಲ್ಲಿ ಅಕ್ಷರ ಕಲಿತ ಮೊದಲ ಹೆಣ್ಣು ನಾನು. ಒಂಟಿ ಹೆಣ್ಣಿಗೆ ಊರಲ್ಲಿ ಯಾರೂ ಬಾಡಿಗೆಗೆ ಮನೆ ಕೊಡಲಿಲ್ಲ. ಮಿಶನ್ ದವಾಖಾನೆಯ ಹಿಂದಿನ ಕೇರಿಯಲ್ಲಿ ಎಸ್ತೇರಮ್ಮ ಒಂದು ಕೋಣೆ ಬಿಟ್ಟುಕೊಟ್ಟರು. ಆಗ ಅವರಿಗೆ ಐವತ್ತು ದಾಟಿತ್ತು. ಕುಳ್ಳಗೆ, ಗಟ್ಟಿಮುಟ್ಟಾಗಿ, ಬೀಸುವ ಕಲ್ಲಿನ ಹಾಗಿದ್ದರು.

ಅವ್ವ ನನ್ನನ್ನು ನೋಡಲು ಬಂದಾಗ, ಆ ಕೇರಿಯ ನೀರು ಮುಟ್ಟಬಾರದೆಂದು, ಜಾಲಹಳ್ಳಿಯಿಂದಲೇ ತಂಬಿಗೆಯಲ್ಲಿ ನೀರು ತಂದಿದ್ದಳು. ಎಸ್ತೇರಮ್ಮ ಅದನ್ನು ಓರೆಗಣ್ಣಲ್ಲಿ ನೋಡಿ ಒಲೆ ಹಚ್ಚಲು ಹೋದರು. ಮಧ್ಯಾಹ್ನ ಅವ್ವನಿಗೆ ಹಲ್ಲುನೋವು ಎದ್ದಿತು. ಎಸ್ತೇರಮ್ಮ ಲವಂಗ ಜಜ್ಜುತ್ತಾ ಕತೆ ತೆಗೆದರು. ‘ಅಪೊಲೋನಿಯಾ ಅಂತ ಒಬ್ಬಾಕಿ ಇದ್ಳು. ನಂಬಿಕಿ ಬಿಡು ಅಂತ ಆಕಿ ಹಲ್ಲು ಒಂದೂ ಬಿಡದಂಗ ಉದುರಿಸಿದ್ರು. ಈಗ ಹಲ್ಲುನೋವಿಗೆಲ್ಲ ಆಕೀನೇ ದೇವತಿ. ಒಂದೂ ಹಲ್ಲಿಲ್ಲದಾಕಿಗೆ ಊರ ಮಂದಿ ಹಲ್ಲಿನ ಕೆಲಸ ಹಚ್ಯಾರ ನೋಡವ್ವ.’ ಅವ್ವ ಕೆನ್ನೆ ಹಿಡಿದುಕೊಂಡೇ ನಕ್ಕಳು. ಬಾಯಿ ಮುಕ್ಕಳಿಸಲು ಎಸ್ತೇರಮ್ಮ ಕೊಟ್ಟ ನೀರನ್ನು ಇಸಿದುಕೊಂಡಳು, ಸ್ವಲ್ಪ ಹೊತ್ತಿಗೆ ಕುಡಿದಳು ಕೂಡ. ‘ಸೇಡು ತೀರ್ತು’ ಎಂದು ಎಸ್ತೇರಮ್ಮ ಆಮೇಲೆ ನನ್ನ ಕಿವಿಯಲ್ಲಿ ಹೇಳಿದರು.

ಆ ಮಾತು ಅವರ ಬಾಯಲ್ಲಿ ಸದಾ ಇರುತ್ತಿತ್ತು. ಸಂತ ಸತ್ತು ಸ್ವರ್ಗಕ್ಕೆ ಹೋದಲ್ಲಿಗೆ ಅವರ ಕತೆ ಮುಗಿಯುತ್ತಿರಲಿಲ್ಲ. ಲಾರೆನ್ಸನನ್ನು ಸುಟ್ಟ ರಾಜನಿಗೆ ಮೈತುಂಬ ಕಜ್ಜಿಯಾಗಿ, ಕೂರಲೂ ಆಗದೆ, ಮಲಗಲೂ ಆಗದೆ, ಮಗ್ಗಲು ಹೊಳ್ಳಿಸಲು ನಾಲ್ಕು ಆಳು ಬೇಕಾದರು. ಕಾಸಿಯಾನನೆಂಬ ಮಾಸ್ತರನನ್ನು ಅವನ ಶಿಷ್ಯರೇ ಬರೆಯುವ ಕಬ್ಬಿಣದ ಕಡ್ಡಿಗಳಿಂದ ಚುಚ್ಚಿ ಕೊಂದರಂತೆ. ಆ ಶಿಷ್ಯರೆಲ್ಲ ಮುಂದೆ ಮಾಸ್ತರರೇ ಆದರು ಎಂದು ಹೇಳಿ, ‘ಅದಕ್ಕಿಂತ ದೊಡ್ಡ ಶಿಕ್ಷಾ ಇಲ್ಲ, ಹೌದಿಲ್ಲೋ ಟೀಚರವ್ವ?’ ಎಂದು ನನ್ನನ್ನು ಕೇಳಿದ್ದರು.

ಇದು ಯಾವ ಪುಸ್ತಕದಲ್ಲೂ ಇಲ್ಲವೆಂದು ಚರ್ಚಿನ ಫಾದರ್ ಒಮ್ಮೆ ಆಕ್ಷೇಪಿಸಿದರು. ‘ಬರದಾತ ಮರ್ತಿರಬೇಕ್ರಿ ಫಾದರ್’ ಎಂದರು ಎಸ್ತೇರಮ್ಮ.

ಆ ಕತೆಗಳು ಮೂಲದಲ್ಲಿ ಅವರ ಗಂಡ ಸಮುವೇಲಪ್ಪನವು. ಅವರು ಮಿಶನ್ನಿನ ಉಪದೇಶಿ. ಹಳ್ಳಿ ಹಳ್ಳಿ ತಿರುಗಿ ಸಂತರ ಕತೆ ಹೇಳುತ್ತಿದ್ದವರು. ಅವರ ಕತೆಗಳಲ್ಲಿ ಸಾಯುವ ಸಂತ ಕೊಂದವರನ್ನು ಕ್ಷಮಿಸುತ್ತಿದ್ದ. ಬಾಗಲವಾಡದ ಆಚೆಯ ಒಂದು ಹಳ್ಳಿಯಲ್ಲಿ ಅವರು ಗೌಡರ ಮನೆಯ ಮುಂದೆ ಚಪ್ಪಲಿ ಮೆಟ್ಟಿಕೊಂಡು ನಡೆದರು. ಮದುವೆಗೆಂದು ಎಸ್ತೇರಮ್ಮನ ಅಪ್ಪ ಕೈಯಾರೆ ಹೊಲಿದುಕೊಟ್ಟ ಚಪ್ಪಲಿ ಅವು. ಗೌಡ ಅವನ್ನು ಅವರ ತಲೆಯ ಮೇಲೆ ಹೊರಿಸಿ ಮೂರು ಓಣಿ ನಡೆಸಿದ. ಆಳುಗಳು ಹಿಂದೆ ನಗುತ್ತಾ ಬಂದರು. ಸಮುವೇಲಪ್ಪ ಅಂದಿನಿಂದ ಕತೆ ಹೇಳುವುದನ್ನು ಬಿಟ್ಟರು; ಎರಡು ವರ್ಷಕ್ಕೆ ಜ್ವರ ಬಂದು ತೀರಿಕೊಂಡರು. ಎಸ್ತೇರಮ್ಮ ದಾಯಿಯ ಕೆಲಸ ಕಲಿತರು, ಗಂಡನ ಕತೆಗಳನ್ನು ತಾವೇ ಹೇಳತೊಡಗಿದರು. ಕ್ಷಮಿಸುವ ಭಾಗವನ್ನು ಮಾತ್ರ ಕೈಬಿಟ್ಟರು.

ಚಪ್ಪಲಿ ಹೊರಿಸಿ ಇಪ್ಪತ್ತು ವರ್ಷವಾದ ಮೇಲೆ, ನಾನು ಮಾನ್ವಿಯಲ್ಲಿದ್ದಾಗಿನ ಬೇಸಿಗೆ ರಜೆಯ ಒಂದು ಬೆಳಿಗ್ಗೆ, ಅದೇ ಗೌಡರ ಮನೆಯಿಂದ ಬಂಡಿ ಬಂತು. ಸೊಸೆಗೆ ಹಿಂದಿನ ದಿನದಿಂದ ನೋವು, ಕೂಸು ಅಡ್ಡ ತಿರುಗಿದೆ ಎಂದ ಆಳು. ಎಸ್ತೇರಮ್ಮ ಊರಿನ ಹೆಸರನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ಚೀಲ ತೆಗೆದುಕೊಂಡರು.

‘ಅವರ ಮನಿಗೆ ಹೋಗ್ತೀರೇನು?’ ಎಂದೆ.

‘ಹಡಿಯಾಕಿ ಏನು ಮಾಡ್ಯಾಳ? ನೀನೂ ಬಾ, ಚೀಲ ಹಿಡಿಯಾಕ ಒಬ್ರು ಬೇಕು.’

ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದವರು ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ. ಆ ಹುಡುಗಿಗೂ ಲಾರೆನ್ಸನ ಕತೆ ಹೇಳಿದರು. ಕೊನೆಗೆ ಗಂಡು ಕೂಸು ಅತ್ತಿತು. ತಾಯಿ ಉಳಿದಳು. ಗೌಡ ಆಗಲೇ ಅರವತ್ತರ ಮನುಷ್ಯ. ಕಣ್ಣು ಒರೆಸಿಕೊಳ್ಳುತ್ತಾ ಸೀರೆ ಹಿಡಿದುಕೊಂಡು ಬಂದ. ‘ದಾಯಮ್ಮ, ನಿನಗೇನು ಬೇಕು ಕೇಳು’ ಎಂದ.

‘ನಾ ಉಪದೇಶಿ ಸಮುವೇಲನ ಹೇಣ್ತಿ. ನನ್ನ ಚಪ್ಪಲಿ ಅಲ್ಲಿ ಅದಾವ. ತಲಿ ಮ್ಯಾಲ ಹೊತ್ತು ಮೂರು ಓಣಿ ನಡೀರಿ.’

ಗೌಡನ ಮುಖ ಕಪ್ಪಿಟ್ಟಿತು. ‘ಮಾತು ನೆಟ್ಟಗಿರಲಿ’ ಎಂದ. ಆತನ ಹೆಂಡತಿ ಒಳಗಿನಿಂದ ಓಡಿಬಂದು ತಾನೇ ಚಪ್ಪಲಿಗೆ ಬಗ್ಗಿದಳು. ಎಸ್ತೇರಮ್ಮ ಆಕೆಯ ಕೈ ಹಿಡಿದರು. ‘ನೀವು ಬ್ಯಾಡ್ರಿ ಯವ್ವಾ. ಹೊರಿಸಿದಾಕಿ ನೀವಲ್ಲ.’ ನಾನು ಎತ್ತಿಕೊಳ್ಳಲು ಹೋದರೆ ನನಗೂ ಬೇಡವೆಂದರು. ‘ಅವು ಇಲ್ಲೇ ಇರಲಿ. ತರೋರು ತರ್ತಾರ.’ ಬಂಡಿಯನ್ನೂ ಹತ್ತದೆ, ಸುಡುವ ದಾರಿಯಲ್ಲಿ ಬರಿಗಾಲಲ್ಲಿ ಬಸ್ಸಿನ ತನಕ ನಡೆದರು.

ಆಮೇಲೆ ಒಂದೂವರೆ ವರ್ಷ ಅವರು ಬರಿಗಾಲಲ್ಲೇ ಇದ್ದರು. ದವಾಖಾನೆಯ ಡಾಕ್ಟರಮ್ಮ ಹೊಸ ಜೋಡು ಕೊಡಿಸಿದರೆ ಕಸ ಗುಡಿಸುವವಳಿಗೆ ಕೊಟ್ಟುಬಿಟ್ಟರು. ಹೆರಿಗೆಗೆ ಹೋದ ಮನೆಯಲ್ಲೆಲ್ಲ ‘ಯಾಕ ದಾಯಮ್ಮ, ಕಾಲಾಗ ಏನಿಲ್ಲ?’ ಎಂದು ಕೇಳುವರು. ಲಾರೆನ್ಸ, ಅಪೊಲೋನಿಯಾ ಆದ ಮೇಲೆ ಸಮುವೇಲಪ್ಪನ ಕತೆ ಬರುತ್ತಿತ್ತು. ಗೌಡನ ಹೆಸರು, ಊರಿನ ಹೆಸರು ಸಮೇತ. ‘ಈ ಕತಿ ಇನ್ನಾ ಮುಗದಿಲ್ಲವ್ವ’ ಎಂದು ನಿಲ್ಲಿಸುತ್ತಿದ್ದರು. ಬಾಣಂತಿಯರು ಅದನ್ನು ತವರಿಗೆ ಒಯ್ದರು, ಗಂಡನ ಮನೆಗೆ ಒಯ್ದರು.

ಗೌಡ ಚಪ್ಪಲಿ ಬಿಸಾಡಿಸಬಹುದಿತ್ತು. ಆದರೆ ಸೊಸೆ ಅಡ್ಡ ನಿಂತಳಂತೆ. ಅವನ್ನು ಯಾರಾದರೂ ಬಿಸಾಡಿದರೆ ಕೂಸು ಕಟ್ಟಿಕೊಂಡು ತವರಿಗೆ ಹೋಗುತ್ತೇನೆ ಎಂದಳಂತೆ. ಕಿರಿಮಗನಿಗೆ ಹೆಣ್ಣು ನೋಡಲು ಗೌಡ ದೇವದುರ್ಗದ ಕಡೆ ಹೋದಾಗ ಹುಡುಗಿಯ ಅಜ್ಜಿ ಚಹಾ ಕೊಡುತ್ತಾ, ‘ಆ ಚಪ್ಪಲಿ ಇನ್ನಾ ನಿಮ್ಮ ಅಂಗಳದಾಗ ಅದಾವೇನ್ರಿ?’ ಎಂದು ಕೇಳಿದಳಂತೆ.

ಅದಾದ ಮುಂದಿನ ಭಾನುವಾರ, ಪ್ರಾರ್ಥನೆ ಮುಗಿಸಿ ಎಸ್ತೇರಮ್ಮ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಾಗ ಗೌಡ ಬಂದ. ಹಿಂದೆ ಸೊಸೆ, ಆಕೆಯ ಕಂಕುಳಲ್ಲಿ ಮಗು. ಗೌಡ ಕೈಚೀಲ ಮುಂದೆ ಹಿಡಿದ. ‘ತಗೋ ದಾಯಮ್ಮ. ತಪ್ಪಾತು.’

‘ನನ್ನ ಗಂಡ ಚೀಲದಾಗ ಹೊತ್ತಿರಲಿಲ್ರಿ.’

ಕೇರಿಯ ಜನ ಬಾಗಿಲಿಗೆ ಬಂದು ನಿಂತಿದ್ದರು. ಗೌಡ ರುಮಾಲು ಬಿಚ್ಚಿ ಸೊಸೆಯ ಕೈಗೆ ಕೊಟ್ಟ. ಚಪ್ಪಲಿಯನ್ನು ತಲೆಯ ಮೇಲಿಟ್ಟುಕೊಂಡು ಓಣಿಯ ತುದಿಯವರೆಗೆ ನಡೆದು ನಿಂತ.

‘ಇನ್ನಾ ಎರಡು ಓಣಿ ಅದಾವ್ರಿ ಗೌಡ್ರ’ ಎಂದರು ಹಿಂದೆ ಬರುತ್ತಿದ್ದ ಎಸ್ತೇರಮ್ಮ.

ಆತ ನಡೆದ. ಯಾರಾದರೂ ನಗಬಹುದೆಂದು ನಾನು ಹೆದರಿದ್ದೆ. ಎಸ್ತೇರಮ್ಮ ತಿರುಗಿ ನೋಡಿದ ರೀತಿಗೆ ಯಾರೂ ತುಟಿ ಬಿಚ್ಚಲಿಲ್ಲ. ಮೂರನೆಯ ಓಣಿ ಮುಗಿದಾಗ ಆತ ಬಗ್ಗಿದ. ಕುಳ್ಳಗಿನ ಎಸ್ತೇರಮ್ಮ ಚಪ್ಪಲಿ ಇಳಿಸಿಕೊಂಡರು. ಬಿಸಿಲಿಗೆ ಸೆಟೆದು ಕಟ್ಟಿಗೆಯಾಗಿದ್ದ ಅವು ಕಾಲಿಗೆ ಹತ್ತಲಿಲ್ಲ. ಆದರೂ ಅವುಗಳಲ್ಲೇ ಬೆರಳು ತೂರಿಸಿಕೊಂಡು, ಎಳೆಯುತ್ತಾ ಮನೆಗೆ ಬಂದರು.

ಸೇಡು ತೀರಿಸುವುದು ದೇವರ ಕೆಲಸ ಎಂದು ಫಾದರ್ ಬೈದರು. ‘ದೇವರಿಗೆ ಇಪ್ಪತ್ತು ವರ್ಷ ಟೈಮ್ ಕೊಟ್ಟಿದ್ದೆ ಫಾದರ್’ ಎಂದರು. ಮನಸ್ಸು ತಣ್ಣಗಾಯಿತೇ ಎಂದು ನಾನು ಕೇಳಿದಾಗ, ‘ಆಗ್ಯಾದ. ಇಲ್ಲ ಅಂದ್ರ ಸುಳ್ಳಾಗ್ತದ’ ಎಂದರು. ಆದರೆ ಅಂದು ಉಣ್ಣದೆ, ಗೋಡೆಗೆ ಮುಖ ಮಾಡಿ ಮಲಗಿದ್ದರು.

ನನಗೆ ರಾಯಚೂರಿಗೆ ವರ್ಗವಾಯಿತು. ಎಂಬತ್ತಾರರಲ್ಲಿ ಅವರನ್ನು ರಾಯಚೂರಿನ ಆಸ್ಪತ್ರೆಗೆ ತಂದಿದ್ದಾರೆಂದು ತಿಳಿದು ಶಾಲೆ ಬಿಟ್ಟ ಕೂಡಲೇ ಹೋದೆ. ಬೀಸುವ ಕಲ್ಲಿನಂಥ ಮೈ ಕರಗಿ ಹೋಗಿತ್ತು. ಗೌಡ ಹಿಂದಿನ ತಿಂಗಳು ತೀರಿಹೋದ ಎಂದು ಅವರೇ ಹೇಳಿದರು. ಸಾಯುವ ಮೊದಲು ಸೊಸೆಯನ್ನು ಕಳಿಸಿದ್ದನಂತೆ, ಮಾಫಿ ಕೇಳಲು.

‘ನೀವೇನಂದ್ರಿ?’

‘ನಾ ಹೊರಿಸೋದು ಹೊರಿಸೀನಿ. ಮಾಫಿ ಮಾಡೋದು ನನ್ನ ಕೈಯಾಗಿಲ್ಲ. ಹ್ಯಾಂಗೂ ಅಲ್ಲೇ ಹೋಗಾಕತ್ತೀರಿ, ನನ್ನ ಗಂಡನ್ನೇ ಕೇಳ್ರಿ ಅಂತ ಹೇಳಿ ಕಳಿಸೀನಿ.’

ಆಮೇಲೆ ನನ್ನ ಕೈ ಹಿಡಿದು ಹತ್ತಿರ ಎಳೆದರು.

‘ಅವಾ ಮೆತ್ತನ ಮನುಷ್ಯ, ಟೀಚರವ್ವ. ಕೇಳಿದ ಕೂಡಲೇ ಮಾಫ್ ಮಾಡಿಬಿಡ್ತಾನ. ಅಷ್ಟರಾಗ ನಾ ಲಗೂನ ಹೋಗಬೇಕು.’

ಐದನೆಯ ದಿನ ಹೋದರು.